ಥಂಡಿಗೆ ತಾರೀಖು ಅದಾ, ಕಂಬಳಿಗೆ ಇಲ್ಲ

ಬೀದರ ಜಿಲ್ಲೆಗೆ ಥಂಡಿ ಹೊಸ ಬೀಗನಲ್ಲ. ದೀಪಾವಳಿಯ ದೀಪ ಆರುವುದರೊಳಗೆ ಊರ ಹೊರಗೆ ಬಂದು ನಿಲ್ಲುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಯೊಳಗೆ ಬಂದು ಕೂಡುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ತಿಂದು, ಶಿವರಾತ್ರಿಗೆ 'ಶಿವ ಶಿವಾ' ಅಂತ ಎದ್ದು ಹೋಗುತ್ತದೆ. ಬರುವ ತಾರೀಖು ಗೊತ್ತು, ಹೋಗುವ ತಾರೀಖೂ ಗೊತ್ತು. ಕರ್ನಾಟಕದ ಅತಿ ಕಡಿಮೆ ಉಷ್ಣತೆ ಎಂದು ಇವತ್ತಿಗೂ ಹೇಳುವ 2.8 ಡಿಗ್ರಿಯ ಅಂಕಿ ಇದೇ ಬೀದರದ್ದು. 1918ರ ಡಿಸೆಂಬರ್ 16ರದ್ದು. ಅಂದರೆ ನೂರು ವರ್ಷದ ಹಿಂದೆಯೇ ಥಂಡಿ ತನ್ನ ಹೆಸರು, ಊರು ಬರೆಸಿ ಹೋಗಿದೆ.

ಇಷ್ಟಾದರೂ ಡಿಸೆಂಬರ್ ಎರಡನೇ ವಾರ ಬಂತೆಂದರೆ ಗಾಂಧಿಗಂಜಿನಿಂದ ಔರಾದದ ಬಸ್ ನಿಲ್ದಾಣದ ತನಕ ಒಂದೇ ಮಾತು: "ಈ ವರ್ಷ ಥಂಡಿ ಭಾಳ ಅದಾ ನೋಡ್ರಿ." ಹೋದ ವರ್ಷವೂ ಇದೇ ಮಾತು, ಅದರ ಹಿಂದಿನ ವರ್ಷವೂ ಇದೇ. ಮಾತು ಮುಗಿದ ಮೇಲೆ ಓಟ ಶುರು. ಒಬ್ಬ ಕಂಬಳಿ ಅಂಗಡಿಗೆ, ಒಬ್ಬ ಹೀಟರ್ ಅಂಗಡಿಗೆ, ಒಬ್ಬ ದವಾಖಾನೆಗೆ. ಅಂಗಡಿಯವನಿಗೂ ಗೊತ್ತು, ನಡುಗುವ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಕತೆ ಹಳೆಯದು. ಥಂಡಿ ಬಿದ್ದಾಗ ಕೌದಿ ಹುಡುಕುವುದು ಅದರ ತಮ್ಮ.

ಅಗ್ಗದ ತಯಾರಿ ಎಂದರೆ ಮುಂಚಿನ ತಯಾರಿ. ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಅಕ್ಟೋಬರ್‌ನಲ್ಲಿ ಒಂದು ಹರಕು ಸೀರೆಯಿಂದ ಆಗುವ ಕೆಲಸಕ್ಕೆ ಜನವರಿಯಲ್ಲಿ ನೋಟು ಎಣಿಸಬೇಕಾಗುತ್ತದೆ. ಮನೆಗೂ ಇದೇ ಲೆಕ್ಕ, ಸರಕಾರಕ್ಕೂ ಇದೇ ಲೆಕ್ಕ.

ರಾತ್ರಿಯ ಚಳಿಗಾಲ

ಮೊದಲು ಈ ಭಾಗದ ಥಂಡಿಯ ಸ್ವಭಾವ ತಿಳಿಯಬೇಕು. ಹಿಮಾಲಯದ ಥಂಡಿ ಹಗಲು-ರಾತ್ರಿ ಎರಡೂ ಪಾಳಿ ಕೆಲಸ ಮಾಡುತ್ತದೆ. ಬೀದರದ್ದು ಬರೀ ರಾತ್ರಿ ಪಾಳಿ. ಡಿಸೆಂಬರ್ ಮಧ್ಯಾಹ್ನ 28 ಡಿಗ್ರಿಯ ಹತ್ತಿರ ಬಿಸಿಲು. ತಲೆಗೆ ಟಾವೆಲ್ ಸುತ್ತಿಕೊಂಡು ತಿರುಗುವವರೂ ಉಂಟು. ಅದೇ ದಿನ ರಾತ್ರಿ, ಕೆಲವು ಸಲ, 10 ಡಿಗ್ರಿಗಿಂತ ಕೆಳಗೆ. ಸಮುದ್ರ ದೂರ, ಊರು ಎತ್ತರದ ಮೇಲೆ, ಗಾಳಿ ಒಣ, ಆಕಾಶದಲ್ಲಿ ಮೋಡದ ಚೂರಿಲ್ಲ. ಮೋಡ ಎನ್ನುವುದು ಭೂಮಿಗೆ ಹೊದಿಸಿದ ಕೌದಿ. ಅದು ಇಲ್ಲದಿದ್ದರೆ ಹಗಲೆಲ್ಲ ನೆಲ ಕುಡಿದ ಕಾವು ರಾತ್ರಿ ಸೀದಾ ಆಕಾಶಕ್ಕೆ ಹಾರಿ ಹೋಗುತ್ತದೆ.

ಹಾಗಾದರೆ ಮನೆಯ ತಯಾರಿಯ ಸೂತ್ರವೂ ಒಂದೇ. ಹಗಲಿನ ಬಿಸಿಲನ್ನು ರಾತ್ರಿಯ ತನಕ ಹಿಡಿದಿಡಬೇಕು. ಬಿಸಿಲಿಗೆ ಬಿಲ್ಲಿಲ್ಲ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಯಾವ ಸಾಹೇಬರ ಸಹಿಯೂ ಬೇಡ.

ಹಾಸಿಗೆ, ಕೌದಿ, ದಿಂಬು ಎಲ್ಲ ಹನ್ನೊಂದಕ್ಕೆ ಬಿಸಿಲಿಗೆ ಬೀಳಬೇಕು; ಮೂರೂವರೆಗೆ, ಇನ್ನೂ ಬೆಚ್ಚಗಿದ್ದಾಗಲೇ, ಮಡಿಚಿ ಒಳಗೆ ಬರಬೇಕು. ಬಹಳ ಮನೆಗಳಲ್ಲಿ ಮೊದಲ ಅರ್ಧ ಆಗುತ್ತದೆ, ಎರಡನೇ ಅರ್ಧ ಮರೆತು ಹೋಗುತ್ತದೆ. ಸಂಜೆ ಆರರ ತನಕ ಮಾಳಿಗೆಯ ಮೇಲೆ ಬಿದ್ದ ಕೌದಿ ಬಿಸಿಲಿನ ಕಾವೆಲ್ಲ ಕಳೆದುಕೊಂಡು ತಂಪಾಗಿ ಇಳಿದು ಬರುತ್ತದೆ. ಕಿಟಕಿಗೂ ಇದೇ ಶಿಸ್ತು. ಚಳಿಗಾಲದಲ್ಲಿ ಸೂರ್ಯ ನೆತ್ತಿಗೆ ಬರುವುದಿಲ್ಲ, ತೆಂಕಣಕ್ಕೆ ವಾಲಿ ಹೋಗುತ್ತಾನೆ. ತೆಂಕಣ ದಿಕ್ಕಿನ ಕಿಟಕಿಗೆ ಅಡ್ಡ ಇಟ್ಟ ಟ್ರಂಕು, ಜೋತುಬಿಟ್ಟ ಬಟ್ಟೆ ತೆಗೆದರೆ ಬಿಸಿಲು ಖೋಲಿಯ ನಡುವಿನ ತನಕ ಬರುತ್ತದೆ. ಒಂಬತ್ತು ಗಂಟೆಗೆ ತೆರೆಯುವುದು, ಐದರೊಳಗೆ ಮುಚ್ಚುವುದು. ಖರ್ಚು ಸೊನ್ನೆ.

ಹರಕು ಸೀರೆಯ ಬೆಲೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಮಾತ್ರ ಗಾದೆ ಹೇಳಲಿಲ್ಲ.

ಈ ಭಾಗದ ಮನೆಗಳಲ್ಲಿ ನೆಲ ಎಂದರೆ ಶಹಾಬಾದ ಫರಸಿ. ಬೇಸಿಗೆಯಲ್ಲಿ ಅಂಗಾತ ಮಲಗಿದರೆ ಸ್ವರ್ಗ. ಚಳಿಗಾಲದಲ್ಲಿ ಅದೇ ಕಲ್ಲು ರಾತ್ರಿಯೆಲ್ಲ ಮೈಯ ಕಾವು ಹೀರುತ್ತದೆ. ಬಹಳ ಜನ ಕೆಳಗೆ ಒಂದು ತೆಳ್ಳನೆಯ ಚಾಪೆ ಹಾಸಿ, ಮೇಲೆ ಮೂರು ಹೊದ್ದು, "ಏನ್ ಹೊದ್ರೂ ಥಂಡಿ ಹೋಗ್ವಲ್ದು" ಅಂತಾರೆ. ಹೋಗುವುದಾದರೂ ಹೇಗೆ? ಥಂಡಿ ಕೆಳಗಿನಿಂದ ಬರ್ಲತ್ತದ. ಮೈಯ ಭಾರಕ್ಕೆ ಅಡಿಯ ಬಟ್ಟೆ ಚಪ್ಪಟೆಯಾಗುತ್ತದೆ, ಅದರೊಳಗಿನ ಗಾಳಿ ಹೊರಟು ಹೋಗುತ್ತದೆ. ಬೆಚ್ಚಗೆ ಇಡುವುದು ಬಟ್ಟೆಗಿಂತ ಬಟ್ಟೆಯ ಪದರದ ನಡುವೆ ಸಿಕ್ಕಿಬಿದ್ದ ಗಾಳಿಯೇ. ಆದ್ದರಿಂದ ಇರುವ ಹೊದಿಕೆಯಲ್ಲಿ ಒಂದನ್ನು ಕೆಳಗೆ ಹಾಕಿದರೆ ಅಂಗಡಿಗೆ ಹೋಗದೆಯೇ ಅರ್ಧ ಥಂಡಿ ಹೋಗುತ್ತದೆ. ಅದರ ಅಡಿಗೆ ಗೋಣಿಚೀಲ, ಗೋಣಿಯ ಅಡಿಗೆ ಹಳೇ ಪತ್ರಿಕೆಯ ನಾಲ್ಕು ಪದರ. ಸಂಜೆ ಪತ್ರಿಕೆ ಓದಿ ಮುಗಿದ ಮೇಲೆ ಅದರಿಂದ ಏನೂ ಉಪಯೋಗವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಕೌದಿ. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಎಲ್ಲ ನಾಲ್ಕಾರು ಪದರ ಸೇರಿಸಿ, ಒತ್ತೊತ್ತಾಗಿ ಟಾಕಾ ಹಾಕಿದ ಕೌದಿಗಿಂತ ಬುದ್ಧಿವಂತ ಹೊದಿಕೆ ಈ ಪ್ರಸ್ಥಭೂಮಿಯಲ್ಲಿ ಇನ್ನೊಂದಿಲ್ಲ. ಒಂದೊಂದು ಪದರದ ನಡುವೆಯೂ ಗಾಳಿ ನಿಲ್ಲುತ್ತದೆ. ಟಾಕಾ ಅದನ್ನು ಅಲ್ಲಿಯೇ ಹಿಡಿಯುತ್ತದೆ. ಮೆತ್ತಗಿನ ಹತ್ತಿ ಸೀರೆ ಒಳಮೈಗೆ, ಗಟ್ಟಿ ಬಟ್ಟೆ ಹೊರಮೈಗೆ ಇರಬೇಕು. ಒಳಗೆ ಹರಕು ಸ್ವೆಟರು ಬಿಡಿಸಿ ಹಾಸಿದರೆ ಇನ್ನೂ ಚೆನ್ನ. ಕೌದಿಗೆ ಕಾಲ ಮಳೆಗಾಲದ ಕೊನೆ, ನವರಾತ್ರಿಯ ಮನೆ ಶುದ್ಧಿಯ ಹೊತ್ತು. ಪೆಟ್ಟಿಗೆಯಿಂದ ಬಟ್ಟೆ ಹೊರಗೆ ಬರುವುದೇ ಆಗ. ಆ ಹಳೇ ಬಟ್ಟೆ ಸ್ಟೀಲ್ ಡಬ್ಬಿ ಮಾರುವವಳ ಬುಟ್ಟಿಗೆ ಹೋಗುವ ಮುಂಚೆ, ಕೌದಿಗೆ ಎಷ್ಟು ಬೇಕು ಎಂದು ಮನೆಯವರು ಒಮ್ಮೆ ಎಣಿಸಬೇಕು.

ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರೂರು ತಿರುಗುತ್ತಾರೆ. ಒಂದು ಕೌದಿಗೆ ದಿನಗಟ್ಟಲೆ ಬೆನ್ನು ಬಗ್ಗಬೇಕು, ಬೆರಳ ತುದಿ ತೂತಾಗಬೇಕು. ಅವಳು ಮಜೂರಿ ಹೇಳಿದಾಗ, "ಬಟ್ಟೆ ನಮ್ಮದೇ ಅಲ್ಲಾ, ಬರೇ ಹೊಲಿಯೋದಕ್ಕ ಇಷ್ಟ್ಯಾಕ?" ಅನ್ನುವ ಮನೆಗಳು ಬೇಕಾದಷ್ಟಿವೆ. ಅವೇ ಮನೆಗಳು ಪ್ಯಾಟಿಯಲ್ಲಿ ಹುಲಿಚಿತ್ರದ ಕಂಬಳಿಗೆ ಛಾಪಿಸಿದ ಬೆಲೆಯನ್ನು ಬಾಯಿ ಮುಚ್ಚಿಕೊಂಡು ಕೊಡುತ್ತವೆ. ಮಿತವ್ಯಯ ಒಳ್ಳೆಯದು. ಆದರೆ ಯಾರ ಹೊಟ್ಟೆಯಿಂದ ಉಳಿಸಿದ್ದು ಎಂದೂ ಕೇಳಬೇಕು.

ಪತ್ರಾದ ಕೆಳಗಿನ ಸಂಸಾರ

ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಹಳೇ ಮನೆಗಳು ಹಗಲಿನ ಕಾವನ್ನು ನಿಧಾನಕ್ಕೆ ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತಿದ್ದವು. ಆದರೆ ಹಳೇದನ್ನು ಹೊಗಳುವ ಭರದಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮರೆಯಬಾರದು. ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಇಂಥದೇ ಭಾರದ ಕಲ್ಲು-ಮಣ್ಣಿನ ಗೋಡೆ ಮತ್ತು ಮಾಳಿಗೆಯ ಕೆಳಗೆ. ಹಗುರ ಸೂರು ಬೇಕು ಎಂದು ಪತ್ರಾ ಹಾಕಿದವರನ್ನು ಹಂಗಿಸಲು ಆಗುವುದಿಲ್ಲ. ಬಡವರಿಗೆ ಕೈಗೆಟುಕುವ ಸೂರೂ ಅದೇ.

ಆದರೆ ಪತ್ರಾ ರಾತ್ರಿಯ ಶತ್ರು. ತೆಳ್ಳನೆಯ ಲೋಹ, ತೆರೆದ ಆಕಾಶದ ಎದುರು, ಸುತ್ತಲ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಬೆಳಗಿನ ಜಾವ ಒಳಮೈಯಿಂದ ಹನಿ ತೊಟ್ಟಿಕ್ಕುವುದು ಅದಕ್ಕೇ. ಮಲಗಿದವರ ಉಸಿರಿನ ಆವಿಯೇ ನೀರಾಗಿ ಅವರ ಕೌದಿಯ ಮೇಲೆ ಬೀಳುತ್ತದೆ. ಇದಕ್ಕೆ ಮದ್ದು, ಪತ್ರಾಕ್ಕೂ ಮೈಗೂ ನಡುವೆ ಇನ್ನೊಂದು ಪದರ. ಒಂದು ಮೊಳ ಕೆಳಗೆ ಹಗ್ಗ ಕಟ್ಟಿ, ಹೊಲಿದ ಗೋಣಿಚೀಲ ಅಥವಾ ಹಳೇ ಸೀರೆಯ ಛತ್ತು ಬಿಗಿದರೆ ನಡುವಿನ ಗಾಳಿ ತಡೆಯಾಗುತ್ತದೆ. ಒಲೆಯ ಮೇಲೆ ಮಾತ್ರ ಬಟ್ಟೆ ಬೇಡ, ಕಿಡಿ ಹಾರುವ ಜಾಗದಲ್ಲಿ ಏನನ್ನೂ ಕಟ್ಟಬಾರದು.

ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣ ಮತ್ತು ಈಶಾನ್ಯದಿಂದ ಬೀಸುತ್ತದೆ. ಆ ಬದಿಗೆ ಒಂದು ತಟ್ಟಿ ನಿಲ್ಲಿಸುವುದು ಈ ಜಿಲ್ಲೆಯಲ್ಲಿ ಕಷ್ಟದ ಮಾತಲ್ಲ. ಇದು ತೊಗರಿಯ ನಾಡು. ರಾಶಿ ಆದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ಹೆಣೆದು, ಮೇಲೆ ಮಣ್ಣು-ಸಗಣಿ ಮೆತ್ತಿದರೆ ಗಾಳಿ ಅಲ್ಲಿಗೇ ನಿಲ್ಲುತ್ತದೆ. ರಾಶಿಯ ಹೊತ್ತಿಗೆ ಥಂಡಿ ಅರ್ಧ ಕಳೆದಿರುತ್ತದೆ ನಿಜ. ಅದಕ್ಕೇ ಈ ವರ್ಷದ ಕಟ್ಟಿಗೆಯಲ್ಲಿ ಒಂದು ಹೊರೆ ಮುಂದಿನ ವರ್ಷದ ತಟ್ಟಿಗೆಂದು ಎತ್ತಿಡಬೇಕು. ಬಾಗಿಲ ಸಂದಿಗೆ ಹಳೇ ಪಾಯಿಜಾಮದ ಕಾಲಿನಲ್ಲಿ ಮರಳೋ ಹೊಟ್ಟೋ ತುಂಬಿ, ಎರಡೂ ತುದಿ ಕಟ್ಟಿ ಅಡ್ಡ ಇಟ್ಟರೆ ಸಾಕು. ಅಂಗಡಿಯ ರಬ್ಬರ್ ಪಟ್ಟಿಯ ಕೆಲಸವನ್ನೇ ಅದೂ ಮಾಡುತ್ತದೆ.

ಬಚ್ಚಲಿನ ಲೆಕ್ಕ

ಚಳಿಗಾಲದಲ್ಲಿ ಮನೆಯ ರೊಕ್ಕ ಹೆಚ್ಚು ಹರಿದು ಹೋಗುವುದು ಬಚ್ಚಲಿನ ಮೋರಿಯಲ್ಲಿ. ಇಲ್ಲಿ ಸ್ವಲ್ಪ ಗಣಿತ ಬೇಕು.

ರಾತ್ರಿಯೆಲ್ಲ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟಾಕಿಯಲ್ಲಿ ನಿಂತ ನೀರು ಬೆಳಗ್ಗೆ 15 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಅದನ್ನು ಸ್ನಾನಕ್ಕೆ ಬೇಕಾದ 40 ಡಿಗ್ರಿಗೆ ಏರಿಸಲು, 20 ಲೀಟರಿನ ಒಂದು ಬಕೆಟ್ಟಿಗೆ ಅರ್ಧ ಯೂನಿಟ್ಟಿಗಿಂತ ಹೆಚ್ಚು ಕರೆಂಟು ಬೇಕು. ನಾಲ್ಕು ಜನರ ಮನೆಗೆ 2.3 ಯೂನಿಟ್. ಅದೇ ಬಾವಿ ಅಥವಾ ಬೋರಿನಿಂದ ಆಗಷ್ಟೇ ಎತ್ತಿದ ನೀರು 25-26 ಡಿಗ್ರಿ ಇರುತ್ತದೆ. ನೆಲದ ಒಳಗೆ ಚಳಿಗಾಲ ಇಳಿಯುವುದಿಲ್ಲ. ಬೆಳಗಿನ ಜಾವ ಬಾವಿಯ ನೀರು ಹೊಗೆಯಾಡುವುದನ್ನು ಹಳ್ಳಿಯಲ್ಲಿ ಎಲ್ಲರೂ ನೋಡಿದ್ದಾರೆ. ಈ ನೀರನ್ನು ಕಾಯಿಸಿದರೆ ನಾಲ್ಕು ಜನಕ್ಕೆ 1.3 ಯೂನಿಟ್ ಸಾಕು. ದಿನಕ್ಕೆ ಒಂದು ಯೂನಿಟ್ಟು ಉಳಿದರೆ ತಿಂಗಳಿಗೆ 30.

ಬೋರು ಇಲ್ಲದವರು ಸಂಜೆ ನಾಲ್ಕಕ್ಕೆ, ಟಾಕಿಯ ನೀರು ಬಿಸಿಲಿಗೆ ಬೆಚ್ಚಗಾಗಿರುವಾಗಲೇ, ಬೆಳಗಿನ ಸ್ನಾನಕ್ಕೆ ಬೇಕಾದಷ್ಟನ್ನು ಕೊಡಗಳಲ್ಲಿ ಇಳಿಸಿಕೊಂಡು, ಮುಚ್ಚಳ ಹಾಕಿ, ಗೋಣಿ ಸುತ್ತಿ ಒಳಗೆ ಇಡಬಹುದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಕರೆಂಟು ಪುಕ್ಕಟೆ ಎಂದು ಗೀಜರನ್ನು ಇಡೀ ಹೊತ್ತು ಉರಿಸಿದವರಿಗೆ ಆಮೇಲೆ ತಿಳಿದದ್ದು, ಆ ಯೋಜನೆಗೂ 200 ಯೂನಿಟ್ಟಿನ ಗೆರೆ ಇದೆ, ಗೆರೆ ದಾಟಿದರೆ ಪೂರಾ ಬಿಲ್ಲು ಎಂದು. ಆ ಗೆರೆಯ ಹತ್ತಿರ ಇರುವ ಮನೆಗೆ ಈ 30 ಯೂನಿಟ್ಟು ಸಣ್ಣದಲ್ಲ.

ಕಟ್ಟಿಗೆ ಒಲೆ ಇರುವವರು ಹಂಡೆಗೆ ಮುಚ್ಚಳ ಹಾಕಲಿ. ತೆರೆದ ಹಂಡೆಯ ಆವಿಯ ಜೊತೆ ಕಟ್ಟಿಗೆಯೂ ಹಾರಿ ಹೋಗುತ್ತದೆ. ಒಲೆಯ ಮೂರು ಬದಿ ಮಣ್ಣಿನಿಂದ ಮುಚ್ಚಿದರೆ ಉರಿ ಹಂಡೆಗೆ ತಾಗುತ್ತದೆ, ಗಾಳಿಗೆ ಹಾರುವುದಿಲ್ಲ. ಅಟ್ಟದ ಮೇಲೆ ಬಿದ್ದಿರುವ ಹಳೇ ತಾಮ್ರದ ಬಂಬ ಇದಕ್ಕಿಂತ ಜಾಣ. ಅದರಲ್ಲಿ ಉರಿ ನೀರಿನ ನಡುವೆಯೇ ಇರುತ್ತದೆ, ನಾಲ್ಕು ಚಕ್ಕೆ, ಒಂದು ಹಿಡಿ ಮೆಕ್ಕೆಜೋಳದ ಬೆಂಡು ಸಾಕು. ಅದನ್ನು ಮೋಡಕಾ ಅಂಗಡಿಗೆ ತೂಕಕ್ಕೆ ಹಾಕಿದವರು ಈಗ ಕೈ ಹಿಸುಕಿಕೊಳ್ಳುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಗಾಗಿ ರೂಪಿಸಿದ ಅಸ್ತ್ರ ಒಲೆಯ ತತ್ವವೂ ಇದೇ: ಉರಿಯನ್ನು ಮುಚ್ಚು, ಕಾವನ್ನು ಪಾತ್ರೆಗೆ ಕೊಡು, ಹೊಗೆಯನ್ನು ಹೊರಗೆ ಕಳಿಸು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಬಿಸಿನೀರು ಎಲ್ಲರಿಗೂ ಇರುತ್ತದೆ, ಬೆಳಗಿನ ನಾಲ್ಕಕ್ಕೆ ಎದ್ದು ಅದನ್ನು ಕಾಯಿಸಿದವಳಿಗೆ ಇರುವುದಿಲ್ಲ. ಎಲ್ಲರೂ ಮುಗಿಸಿದ ಮೇಲೆ ಅವಳಿಗೆ ತಳದ ಎರಡು ತಂಬಿಗೆ, ಉಳಿದದ್ದು ತಣ್ಣೀರು. "ಅವಳಿಗೇನು ಥಂಡಿ ಆಗಂಗಿಲ್ಲ, ರೂಢಿ ಅದಾ" ಅಂತ ಮನೆಯವರು ಹೇಳುತ್ತಾರೆ. ಮೂಳೆಗೆ ರೂಢಿ ಎಂಬುದಿಲ್ಲ. ಅದು ಲೆಕ್ಕ ಬರೆದಿಟ್ಟುಕೊಂಡು, ಐವತ್ತು ದಾಟಿದ ಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಸಂಜೆಯೇ ನೀರು ತುಂಬಿ, ಕಟ್ಟಿಗೆ ಹೊಂದಿಸಿ ಇಟ್ಟರೆ ಅವಳಿಗೆ ಒಂದು ತಾಸಿನ ನಿದ್ದೆ ಉಳಿಯುತ್ತದೆ. ಇಡುವವರು ಗಂಡಸರಾದರೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ಉಳಿಸಬಾರದ ಜಾಗ

ರೊಕ್ಕ ಉಳಿಸಲು ಹೋಗಿ ಜೀವ ಕಳೆಯುವ ದಾರಿಗಳೂ ಇವೆ. ಅದರಲ್ಲಿ ಮೊದಲನೆಯದು ಇದ್ದಿಲ ಶೆಗಡಿ. ರಾತ್ರಿ ಕೆಂಡ ತುಂಬಿ, ಖೋಲಿಯ ನಡುವೆ ಇಟ್ಟು, ಕದ-ಕಿಟಕಿ ಭದ್ರ ಮಾಡಿ ಮಲಗುವುದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುವುದಿಲ್ಲವಾದ್ದರಿಂದ ಅಪಾಯ ಇಲ್ಲ ಎಂದು ಜನ ತಿಳಿಯುತ್ತಾರೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಆಮೇಲೆ ಎದ್ದು ಕದ ತೆಗೆಯಲೂ ಆಗದ ನಿಶ್ಶಕ್ತಿ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಇಡೀ ಸಂಸಾರ ಬೆಳಗ್ಗೆ ಏಳದ ಸುದ್ದಿ ದೇಶದ ಯಾವುದಾದರೂ ಮೂಲೆಯಿಂದ ಪ್ರತಿ ಚಳಿಗಾಲ ಬರುತ್ತದೆ. ಬೆಂಕಿ ಕಾಯಿಸಿಕೊಳ್ಳುವುದಿದ್ದರೆ ಅಂಗಳದಲ್ಲಿ. ಮಲಗುವ ಖೋಲಿಗೆ ಕೆಂಡ ಬೇಡ, ಬೂದಿ ಮುಚ್ಚಿದ ಕೆಂಡವೂ ಬೇಡ. ಬೇಕಾದರೆ ಬಿಸಿನೀರು ತುಂಬಿದ ಬಾಟಲಿಗೆ ಭದ್ರ ಮುಚ್ಚಳ ಹಾಕಿ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಲಿ. ಗಾಳಿಗಂಡಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಜರ್ ಕೂಡಿಸಿದವರಿಗೂ ಇದೇ ಎಚ್ಚರಿಕೆ.

ಎರಡನೆಯದು ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ, ಗುರುತಿಲ್ಲದ ಕಾಯಿಲು ತಂದು, ಕಬ್ಬಿಣದ ಬಕೆಟ್ಟಿಗೆ ಹಾಕಿ, ಒದ್ದೆ ನೆಲದ ಮೇಲೆ ನಿಂತು ಬೆರಳಿನಿಂದ ಬಿಸಿ ನೋಡುವವರು ಇದ್ದಾರೆ. ಬಟನ್ ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ನೀರು ಮುಟ್ಟಬೇಕು. ಇಲ್ಲಿ ಉಳಿಸಿದ ನೂರು ರೂಪಾಯಿಗೆ ಅರ್ಥವಿಲ್ಲ.

ಮೂರನೆಯದು ಎಳೆಗೂಸು. ಹುಟ್ಟಿದ ಮಗುವಿಗೆ ಮೊದಲ 24 ತಾಸು ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಕ ಕಡಿಮೆ ಇರುವ ಕೂಸು ಮೈಯ ಕಾವನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ಹೀಟರು ತಾಯಿಯ ಎದೆ. ಬರೀ ಮೈಗೆ ಬರೀ ಮೈ ತಾಗಿಸಿ, ತಲೆಗೆ ಕುಂಚಿಗೆ ಹಾಕಿ, ಮೇಲೆ ಕೌದಿ ಹೊದಿಸಿದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆಯ ಉಪಾಯ ದವಾಖಾನೆಯಲ್ಲೂ ಇಲ್ಲ. ಮುದುಕರ ವಿಷಯವೂ ಹಾಗೇ. ಥಂಡಿಗೆ ರಕ್ತನಾಳ ಬಿಗಿದು ಬಿ.ಪಿ. ಏರುತ್ತದೆ. ಬೆಳಗಿನ ಐದಕ್ಕೆ ತಣ್ಣೀರು ಸುರಿದುಕೊಂಡು ಗುಡಿಗೆ ಹೊರಡುವ ಹಿರಿಯರು ಬಿಸಿಲು ಬಂದ ಮೇಲೆ ಹೋದರೆ ದೇವರೇನೂ ಸಿಟ್ಟಾಗುವುದಿಲ್ಲ.

ಊಟಕ್ಕೆ ಹೊಸ ಪಾಠ ಬೇಕಿಲ್ಲ. ಎಳ್ಳ ಅಮಾವಾಸ್ಯೆಯ ಬುತ್ತಿಯೇ ಪಾಠ. ಸಜ್ಜಿ ರೊಟ್ಟಿ, ಎಳ್ಳು, ಹಸಿ ತೊಗರಿ, ಹಸಿ ಕಡಲಿ, ಹೊಲದ ಹತ್ತಾರು ಸೊಪ್ಪು-ಕಾಯಿ ಕೂಡಿಸಿ ಮಾಡಿದ ಭಜ್ಜಿ. ಎಲ್ಲ ಆ ತಿಂಗಳು ಹೊಲದಲ್ಲೇ ಸಿಗುವಂಥದು, ಅಗ್ಗ. ಆ ಒಂದು ದಿನದ ಅಡುಗೆಯನ್ನು ಎರಡು ತಿಂಗಳು ನಡೆಸಿದರೆ ಸಾಕು. ಒಡೆದ ಹಿಮ್ಮಡಿಗೆ ಪ್ಯಾಟಿಯ ಡಬ್ಬಿ ಬೇಡ, ಮನೆಯ ಕುಸುಬಿ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಸ್ನಾನವಾದ ಕೂಡಲೇ ಹಚ್ಚಿದರೆ ಆಯಿತು.

ಗೋಡೆಯೇ ಇಲ್ಲದವರು

ಇಲ್ಲಿಯ ತನಕ ಹೇಳಿದ್ದೆಲ್ಲ ಮನೆ ಇದ್ದವರಿಗೆ. ಕದ ಇದ್ದವರಿಗೆ ಕದದ ಸಂದಿಯ ಚಿಂತೆ. ಕದವೇ ಇಲ್ಲದವರ ಪಾಡೇನು?

ಥಂಡಿಯ ಹಂಗಾಮೇ ಕಬ್ಬಿನ ಹಂಗಾಮು. ಕಬ್ಬು ಕಡಿಯುವ ಟೋಳಿಗಳು ಸಂಸಾರ ಸಮೇತ ಬಂದು, ಹೊಲದ ಬದಿಗೆ ಕಬ್ಬಿನ ರವದಿಯ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಾರೆ. ತಾಯಿ ಬೆಳಕು ಹರಿಯುವ ಮುಂಚೆ ಕೋಯ್ತಾ ಹಿಡಿದು ಹೊರಟರೆ, ಕೂಸು ರವದಿಯ ಮೇಲೆ. ಆ ಗುಡಿಸಲಿಗೆ ಒಂದು ಪ್ಲಾಸ್ಟಿಕ್ ತಾಡಪತ್ರಿ, ಎರಡು ಕಂಬಳಿ ಕೊಡಲು ಎಷ್ಟು ರೊಕ್ಕ ಬೇಕು? ಟನ್ನುಗಟ್ಟಲೆ ಕಬ್ಬು ತೂಗುವವರಿಗೆ ಅದು ತೂಕಕ್ಕೆ ಬರುವ ಮಾತಲ್ಲ.

ವಸತಿ ನಿಲಯದ ಮಕ್ಕಳದ್ದು ಇನ್ನೊಂದು ಕತೆ. ಮಾಳಿಗೆಯ ಮೇಲೆ ಸೋಲಾರ್ ಇರುತ್ತದೆ, ನಲ್ಲಿಯಲ್ಲಿ ಬಿಸಿನೀರು ಇರುವುದಿಲ್ಲ. ಕೂಡಿಸಿದ ವರ್ಷ ಬಿಸಿ, ಮರುವರ್ಷ ಉಗುರುಬೆಚ್ಚಗೆ, ಮೂರನೇ ವರ್ಷ ಗೋವಿಂದ. ಕಾರಣ ದೊಡ್ಡದಲ್ಲ. ಬೋರಿನ ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಗಟ್ಟಿ ಕೂತು ದಾರಿ ಮುಚ್ಚುತ್ತದೆ. ವರ್ಷಕ್ಕೊಮ್ಮೆ, ಥಂಡಿಗೆ ಮುಂಚೆ, ಅದನ್ನು ತೊಳೆಸಿದರೆ ಮುಗಿಯಿತು. ಸೋಲಾರ್ ಕೊಳ್ಳಲು ಲಕ್ಷ ಇತ್ತು, ತೊಳೆಸಲು ಸಾವಿರ ಇಲ್ಲ ಅಂದರೆ ಯಾರು ನಂಬಬೇಕು? ಹತ್ತು ವರ್ಷದ ಹುಡುಗ ಬೆಳಗ್ಗೆ ಆರಕ್ಕೆ ತಣ್ಣೀರು ಸುರಿದುಕೊಂಡು ಕೆಮ್ಮುತ್ತಾ ಪಾಠಕ್ಕೆ ಕೂಡುವುದು ಶಿಸ್ತು ಎಂದು ಹೇಳುವ ಸಾಹೇಬರು, ಒಂದು ವಾರ ತಾವೂ ಅದೇ ನಲ್ಲಿಯ ಕೆಳಗೆ ಕೂತು ನೋಡಲಿ.

ಇನ್ನು ಬಸ್ ನಿಲ್ದಾಣ, ರೈಲು ನಿಲ್ದಾಣ, ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ರಾತ್ರಿ ಕಳೆಯುವವರು. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದರಂತೆ ನಿರಾಶ್ರಿತರ ವಸತಿ ಇರಲೇಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2010ರಲ್ಲಿ. ಬೀದರ ನಗರದ ಜನಸಂಖ್ಯೆ 2011ರ ಗಣತಿಯಲ್ಲೇ ಎರಡು ಲಕ್ಷ ದಾಟಿದೆ. ಎರಡು ವಸತಿ ಎಂದರೆ ಕಾಗದದ ಮೇಲೆ ಎರಡಲ್ಲ. ರಾತ್ರಿ ಹನ್ನೊಂದಕ್ಕೆ ಕದ ತಟ್ಟಿದರೆ ತೆರೆಯುವ, ಒಳಗೆ ಹಾಸಿಗೆ-ಕಂಬಳಿ ಇರುವ, ಗುರುತಿನ ಚೀಟಿ ಇಲ್ಲವೆಂದು ಹೊರಗೆ ದಬ್ಬದ ಎರಡು. ಅಂಥ ಕದಗಳು ಎಲ್ಲಿವೆ ಎಂದು ಬಸ್ ನಿಲ್ದಾಣದ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಆಗುವುದೇನು? ಜನವರಿ ನಡುವೆ ಯಾವುದೋ ಪುಣ್ಯದಿನ ನೋಡಿ ಕಂಬಳಿ ಹಂಚಿಕೆ. ಒಂದು ಕಂಬಳಿಯ ಮೇಲೆ ಆರು ಕೈ, ಏಳನೆಯದು ತಗೊಳ್ಳುವವನದು. ಫೋಟೋದಲ್ಲಿ ಅವನ ಮುಖ ಕಾಣುವುದಿಲ್ಲ. ಹಂಚಿದ್ದು ಪಾಣಿಪತ್ತಿನ ಗಿರಣಿಯಲ್ಲಿ ಹಳೇ ಉಣ್ಣೆ ಬಟ್ಟೆಯ ಚಿಂದಿ ಅರೆದು ನೇಯ್ದ ಕಂಬಳಿ. ಎರಡು ಸಲ ಒಗೆದರೆ ಜರಡಿ.

ಇದೇ ಹೊತ್ತಿಗೆ ಈ ದಖ್ಖನಿನ ಕುರಿಗಾರರು ವರ್ಷಕ್ಕೆ ಎರಡು ಸಲ ಕತ್ತರಿಸಿದ ಉಣ್ಣೆಗೆ ಗಿರಾಕಿ ಇಲ್ಲದೆ ತಿಪ್ಪೆಗೆ ಚೆಲ್ಲುತ್ತಿದ್ದಾರೆ. ಕುಣಿಮಗ್ಗದಲ್ಲಿ ಹಾಸಿಗೆ ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕರಿ ಕಂಬಳಿ ಚುಚ್ಚುತ್ತದೆ, ನಿಜ. ಆದರೆ ಇಬ್ಬನಿ ಒಳಗೆ ಬಿಡುವುದಿಲ್ಲ, ಕಿಡಿ ಬಿದ್ದರೆ ಪಾಲಿಸ್ಟರಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಹೊಲದಲ್ಲಿ, ಕಟ್ಟೆಯ ಮೇಲೆ ಮಲಗುವವರಿಗೆ ಬೇಕಾದದ್ದು ಇಂಥದೇ. ವಸತಿ ನಿಲಯ, ರಾತ್ರಿ ವಸತಿಗಳಿಗೆ ಸರಕಾರ ಇದನ್ನೇ ಕೊಂಡರೆ ಒಂದೇ ರೊಕ್ಕದಲ್ಲಿ ಎರಡು ಮನೆ ಬೆಚ್ಚಗಾಗುತ್ತವೆ: ಹೊದ್ದವನದು ಒಂದು, ನೇಯ್ದವನದು ಇನ್ನೊಂದು. ದರ ಹೆಚ್ಚು ಎಂಬ ತಕರಾರು ಬರಬಹುದು. ಪ್ರತಿ ವರ್ಷ ಹೊಸ ಜರಡಿ ಕೊಳ್ಳುವ ದರವನ್ನೂ ಜೊತೆಗೆ ಕೂಡಿಸಿ ನೋಡಲಿ.

ಮನೆಯೊಡತಿ ನವರಾತ್ರಿಗೆ ಪೆಟ್ಟಿಗೆ ತೆಗೆದು ಹಳೇ ಸೀರೆ ಎಣಿಸುವ ಹಾಗೆ, ಅಧಿಕಾರಿಗಳೂ ಆ ಹೊತ್ತಿಗೇ ಒಮ್ಮೆ ಎಣಿಸಬೇಕು. ಎಷ್ಟು ಮಕ್ಕಳು, ಎಷ್ಟು ಕಂಬಳಿ, ಎಷ್ಟು ಸೋಲಾರ್ ಕೆಟ್ಟಿವೆ, ಎಷ್ಟು ಗುಡಿಸಲು ಬರಲಿವೆ. ಆಗಸ್ಟಿನಲ್ಲಿ ಟೆಂಡರು ಕರೆದರೆ ದೀಪಾವಳಿಗೆ ಕಂಬಳಿ ಕೈಗೆ ಬರುತ್ತದೆ. ಡಿಸೆಂಬರಿನಲ್ಲಿ ಕರೆದರೆ ಹೋಳಿಗೆ ಬರುತ್ತದೆ. ಹೋಳಿಯಲ್ಲಿ ಕಂಬಳಿ ಹೊದ್ದು ಯಾರೂ ಕಾಮಣ್ಣನನ್ನು ಸುಡುವುದಿಲ್ಲ.

ಥಂಡಿ ಅರ್ಜಿ ಹಾಕಿ ಬರುವುದಿಲ್ಲ, ಮುಂದಿನ ಸಭೆಗೆ ಮುಂದೂಡಲೂ ಬರುವುದಿಲ್ಲ. ಅದರ ತಾರೀಖು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಇದೆ. ಹಾಳೆ ತಿರುವುವ ಕೈ ಬೇಕು, ಅಷ್ಟೇ.